ಆ ರವಿವಾರ ಘಾಟು ಬರಲಿಲ್ಲ

ವರ್ಷದ ಖಾರದ ಪುಡಿಗೆ ಮೆಣಸಿನಕಾಯಿ ತರಲು ನಾನು ಹಾವೇರಿಯಿಂದ ಬ್ಯಾಡಗಿಗೆ ಹೋಗುತ್ತೇನೆ. ಹಾವೇರಿಯಲ್ಲಿ ಕಾಯಿ ಸಿಗುವುದಿಲ್ಲವೆಂದಲ್ಲ. ನೀಲಕ್ಕನ ಕೈಯಿಂದ ಆರಿಸಿದ ಕಾಯಿ ನಮ್ಮ ಮನೆಯ ಸಾರಿಗೆ ಒಗ್ಗಿಬಿಟ್ಟಿದೆ. ನೀಲಕ್ಕ ನನ್ನ ಗೆಳತಿ ಶೈಲಾಳ ತಾಯಿ. ಗಂಡನ ದಲಾಲಿ ಅಂಗಡಿ ಈಗ ಮಗನ ಕೈಗೆ ಹೋಗಿದ್ದರೂ ಬೇಕಾದವರಿಗೆ ಕಾಯಿ ಆರಿಸಿಕೊಡುವ ಕೆಲಸವನ್ನು ಆಕೆ ಬಿಟ್ಟಿಲ್ಲ. ಬಣ್ಣಕ್ಕೆ ಬ್ಯಾಡಗಿ ಕಾಯಿ, ಖಾರಕ್ಕೆ ಗುಂಟೂರು ಕಾಯಿ. ಯಾರ ಮನೆಗೆ ಯಾವುದು ಎಷ್ಟು ಬೆರೆಸಬೇಕೆನ್ನುವುದು ಆಕೆಗೆ ಬಾಯಿಪಾಠ. ನಿನ್ನ ಗಂಡನಿಗೆ ಹೊಟ್ಟೆ ತಡೆಯುವುದಿಲ್ಲ, ಗುಂಟೂರು ಕಡಿಮೆ ಹಾಕಿಸು ಎಂದು ಪ್ರತಿ ವರ್ಷವೂ ಹೇಳುತ್ತಾಳೆ. ನಾನು ಪ್ರತಿ ವರ್ಷವೂ ಹೂಂ ಅನ್ನುತ್ತೇನೆ.

ಈ ಸಲ ಫೆಬ್ರುವರಿಯಲ್ಲಿ ಹೋದಾಗ ಅಂಗಳಕ್ಕೆ ಕಾಲಿಡುತ್ತಲೇ ಮೂಗಿಗೆ ಘಾಟು ಬಡಿಯಿತು. ಒಳಗೆ ಯಾರಿಗೋ ದೃಷ್ಟಿ ತೆಗೆಯುತ್ತಿದ್ದರು. ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಕೆಂಡದ ಮೇಲೆ ಬಿದ್ದಾಗ ಬರುವ ಆ ಘಾಟು ಮನೆಯವರನ್ನೆಲ್ಲ ಕೆಮ್ಮಿಸಿದರೆ ಒಳ್ಳೆಯದು, ಯಾರ ಕಣ್ಣೂ ಬಿದ್ದಿಲ್ಲವೆಂದು ಅರ್ಥ. ಘಾಟು ಬರದಿದ್ದರೆ ದೃಷ್ಟಿ ಆಗಿದೆಯೆಂದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಲೆಕ್ಕ. ನಾನು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮಿದೆ. ಕಣ್ಣಲ್ಲಿ ನೀರು ಬಂತು. ಇದೇ ಅಂಗಳದಲ್ಲಿ ಘಾಟು ಬರದೇ ಹೋದ ಒಂದು ಬೆಳಗು ನನಗೆ ಗೊತ್ತಿದೆ. ಆ ಬೆಳಗ್ಗೆಯೇ ಕೆಮ್ಮು ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಅದು ಎರಡು ಸಾವಿರದ ಏಳರ ಸುಗ್ಗಿ. ನಾವು ರಾಣೇಬೆನ್ನೂರಿನ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆವು. ನಾನು ಹಾವೇರಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಶೈಲಾಳಿಗೆ ಕಿಟಕಿಯ ಪಕ್ಕ ಜಾಗ ಹಿಡಿಯುತ್ತಿದ್ದೆ. ಬ್ಯಾಡಗಿಯಲ್ಲಿ ಅವಳು ಹತ್ತುತ್ತಿದ್ದಳು. ಸುಗ್ಗಿಯ ದಿನಗಳಲ್ಲಿ ಅವಳ ಚೀಲ, ಚಪ್ಪಲಿ, ದುಪಟ್ಟಾದ ಅಂಚು ಎಲ್ಲಕ್ಕೂ ಕೆಂಪು ಧೂಳು ಹತ್ತಿರುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ.

ಶೈಲಾ ಮಾತಾಡುವಾಗ ದನಿ ಸಣ್ಣದು. ಹಾಡುವಾಗ ಮಾತ್ರ ಅದು ಮೇಲೆ ಹೋಗಿ ಒಂದು ಕಡೆ ಒಡೆಯುತ್ತಿತ್ತು, ಹೊಲದ ಆ ಬದಿಯಲ್ಲಿರುವವರನ್ನು ಈ ಬದಿಯಿಂದ ಕರೆದಂತೆ. ಕಾಲೇಜಿನ ಭಾವಗೀತೆ ಸ್ಪರ್ಧೆಯಲ್ಲಿ ತೀರ್ಪು ಕೊಡಲು ಬಂದ ಮೇಡಂ, ದನಿಯಲ್ಲಿ ಸ್ವಲ್ಪ ನಯ ಬೇಕಮ್ಮ ಎಂದು ಹೇಳಿ ಕೂರಿಸಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ರವೀಣ ಅಂದೇ ಬಂದು, ಆ ಒಡೆಯೋ ದನೀನ ನಮಗ ಬೇಕಾಗಿರೋದು ಅಂದ. ಅವನ ತಂದೆಗೆ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ಹುಬ್ಬಳ್ಳಿಯಿಂದ ಎಲೆಕ್ಟ್ರಿಕ್ ಗಿಟಾರು ತಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಸೂರ್ಯಕಾಂತಿ ಬೀಜದ ಪಾಕೀಟುಗಳ ನಡುವೆ ಬಾರಿಸುತ್ತಿದ್ದ. ಅವನಿಗೆ ಜೊತೆಗಾರ ಇಮ್ತಿಯಾಜ್, ಮದುವೆ ಬ್ಯಾಂಡ್ ಕಂಪನಿ ನಡೆಸುವ ಮಾವನ ಬಳಿ ಡ್ರಮ್ಮು ಕಲಿತವನು. ಈ ಮೂವರೂ ಸೇರಿ ತಮ್ಮ ತಂಡಕ್ಕೆ ‘ಘಾಟು’ ಎಂದು ಹೆಸರಿಟ್ಟರು. ನನಗೆ ಹಾಡಲೂ ಬರುತ್ತಿರಲಿಲ್ಲ, ಬಾರಿಸಲೂ ಬರುತ್ತಿರಲಿಲ್ಲ. ಯಾರು ಯಾವ ಹೊತ್ತಿಗೆ ಎಲ್ಲಿರಬೇಕು, ಏನು ಉಣ್ಣಬೇಕು ಎಂಬುದನ್ನು ತಲೆಯಲ್ಲಿಟ್ಟುಕೊಳ್ಳಲು ಬರುತ್ತಿತ್ತು. ಹಾಗಾಗಿ ನಾನು ಮ್ಯಾನೇಜರ್. ಪ್ರವೀಣ ನನ್ನನ್ನು ‘ಮ್ಯಾನೇಜರ್ ಮೇಡಂ’ ಅನ್ನುತ್ತಿದ್ದ. ಚಹಾ ತರಿಸಬೇಕಾದಾಗಲೂ ಅದೇ ಹೆಸರು.

ಹಾಡು ಶೈಲಾಳದು. ರೈಲಿನಲ್ಲಿ, ನನ್ನ ಎದುರಿಗೇ ಕೂತು ಕಟ್ಟಿದ್ದು. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ ಅನ್ನುವುದನ್ನೇ ಹಿಡಿದು ಊರಿನ ಮಂದಿಗೆ ಅನ್ವಯಿಸಿದ್ದಳು.

ಊರ ತುಂಬ ಕೆಂಪು ಹಾಸ್ಯಾರ ನೋಡ,
ಒಬ್ಬರ ಮಾತಿಗೂ ಖಾರಿಲ್ಲ.

ಮೊದಲ ಸಲ ಕೇಳಿದ ಇಮ್ತಿಯಾಜ್ ಬಿದ್ದು ಬಿದ್ದು ನಕ್ಕ. ಹಂಗಾದ್ರ ನಿಮ್ಮೂರಾಗ ದೃಷ್ಟಿ ತೆಗೆಯೋರ ಪಾಡು ಏನು, ಬ್ಯಾಡಗಿ ಕಾಯಿ ಸುಟ್ಟರ ಘಾಟ ಬರಂಗಿಲ್ಲ, ಊರಿಗೆ ಊರ ದೃಷ್ಟಿ ಆಗಿರ್ತದ ಅಂದ. ಶೈಲಾಳೂ ನಕ್ಕಳು. ದೃಷ್ಟಿಗೆ ಯಾರೂ ಬ್ಯಾಡಗಿ ಕಾಯಿ ಹಾಕುವುದಿಲ್ಲ, ಅದಕ್ಕೆಂದೇ ಅವ್ವ ಗುಂಟೂರು ಕಾಯಿ ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತಾಳೆ ಎಂದು ಹೇಳಿದಳು. ಎಲ್ಲರೂ ನಕ್ಕು ಮರೆತೆವು.

ಹಾಡಿನ ಧ್ವನಿಮುದ್ರಣ ಸಂಕ್ರಾಂತಿಗೆ ಮೊದಲೇ ಮುಗಿಯಿತು. ಹುಬ್ಬಳ್ಳಿಯಲ್ಲಿ ಭಕ್ತಿಗೀತೆಯ ಕ್ಯಾಸೆಟ್ಟು ಮಾಡುವ ಒಂದು ಸಣ್ಣ ಸ್ಟುಡಿಯೋ. ನಾವು ಬೇಡವೆಂದರೂ ಅಲ್ಲಿಯವನು ಕೊನೆಯ ಸಾಲಿಗೆ ಗುಡಿಯ ಗಂಟೆಯಂಥ ಪ್ರತಿಧ್ವನಿ ಸೇರಿಸಿದ. ಇನ್ನು ವಿಡಿಯೋ ಆಗಬೇಕಿತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗಿಗೆ, ಪರದೆಯ ಮೇಲೆ ತೋರಿಸುವುದು, ಆಮೇಲೆ ಊರಿನ ಕೇಬಲ್ ಚಾನೆಲ್ಲಿಗೆ ಕೊಡುವುದು ಎಂದು ಪ್ರವೀಣನ ಯೋಜನೆ. ಶೈಲಾಳಿಗೆ ಪರದೆಯ ಗುಂಗಿರಲಿಲ್ಲ. ಪರೀಕ್ಷೆ ಮುಗಿಯುತ್ತಲೇ ಹೆಣ್ಣು ನೋಡಲು ಬರುವವರಿದ್ದಾರೆಂದು ಅವಳಿಗೆ ತಿಳಿದಿತ್ತು. ಒಂದು ದಿನ ರೈಲಿನ ಬಾಗಿಲಲ್ಲಿ ನಿಂತು ನನಗೆ ಹೇಳಿದಳು:

“ಮದುವಿಯಾದ ಮ್ಯಾಲೆ ನಾ ಹಾಡತಿದ್ನಿ ಅಂದ್ರ ಯಾರು ನಂಬ್ತಾರಲೇ ಸುನಂದಿ. ಹಾಡಾಕತ್ತಿದ್ದಾಗ ನನ್ನ ಮಕ ಹೆಂಗಿತ್ತು ಅಂತ ತೋರಸಾಕ ಒಂದರ ಇರಲಿ.”

ನಾನು ಮಾಡಿದ ಓಡಾಟವೆಲ್ಲ ಈ ಒಂದು ಮಾತಿಗಾಗಿ. ಮದುವೆ ವಿಡಿಯೋ ತೆಗೆಯುವ ಮಲ್ಲೇಶಣ್ಣನನ್ನು ಒಪ್ಪಿಸಿದೆ. ಲಗ್ನದ ಮುಹೂರ್ತವಿಲ್ಲದ ರವಿವಾರ ಒಂದೇ ಅವನಿಗೆ ಬಿಡುವು. ಅದು ಎಂಥ ಹಾಡು ಎಂದು ಎಷ್ಟು ಹೇಳಿದರೂ ಅವನಿಗೆ ಅರ್ಥವಾಗಲಿಲ್ಲ. ಹುಡುಗಿ ಯಾವ ಕಡೆಯಿಂದ ಒಳಗೆ ಬರುತ್ತಾಳೆ, ಅಕ್ಷತೆಯ ಹಾಗೆ ಮೇಲಿಂದ ಏನಾದರೂ ಉದುರಿಸುವುದಿದೆಯೇ ಎಂದು ಮತ್ತೆ ಮತ್ತೆ ಕೇಳಿದ. ಇಮ್ತಿಯಾಜ್‌ನ ಮಾವ ದೊಡ್ಡ ಡ್ರಮ್ಮು ಕೊಟ್ಟರು. ಅದರ ಮೇಲೆ ಕಂಪನಿಯ ಹೆಸರು, ಎದುರುಬದುರು ಎರಡು ಗಿಳಿ. ರಾಕ್‌ನಲ್ಲಿ ಗಿಳಿ ಇರುವುದಿಲ್ಲ ಎಂದು ಪ್ರವೀಣ ತಕರಾರು ತೆಗೆದ, ಕರಿಯ ಬಟ್ಟೆ ಹೊಲಿದು ಮುಚ್ಚಿದೆ. ಅದೇ ಬಟ್ಟೆಯಲ್ಲಿ ಉಳಿದದ್ದನ್ನು ಶೈಲಾಳಿಗಾಗಿ ಹೊಲಿಸಿದ ಕರಿ ಅಂಗಿಯ ಕಾಲರಿಗೆ ಇಟ್ಟೆ.

ಜಾಗ ಮಾತ್ರ ಮೊದಲಿನಿಂದಲೂ ಒಂದೇ ನಮ್ಮ ಮನಸ್ಸಿನಲ್ಲಿತ್ತು: ಕದರಮಂಡಲಗಿ ರಸ್ತೆಯ ಬದಿಗೆ ಶೈಲಾಳ ಮನೆಯವರು ಕಾಯಿ ಒಣಗಿಸುವ ಕಣ. ಸುಗ್ಗಿಯಲ್ಲಿ ಅದು ಕಣ್ಣು ಮುಟ್ಟುವವರೆಗೂ ಕೆಂಪು. ನಡುವೆ ಕಾಲುದಾರಿ ಬಿಟ್ಟು ಅಲ್ಲಿ ತಂಡ ನಿಲ್ಲಬೇಕು, ಶೈಲಾ ಆ ದಾರಿಯಲ್ಲಿ ನಡೆಯುತ್ತ ಹಾಡಬೇಕು. ಕೇಳಲು ನಾನೇ ನೀಲಕ್ಕನ ಬಳಿ ಹೋದೆ. ಆಕೆ ಮಂಡಕ್ಕಿ ಹಚ್ಚಿ ಕೊಟ್ಟು, ಪಕ್ಕದಲ್ಲೇ ಕೂತು ತೊಟ್ಟು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಯಾವ ಹಾಡು, ಯಾರು ಯಾರು ಇರುತ್ತಾರೆ, ಕೇಬಲ್ಲಿನಲ್ಲಿ ಬಂದರೆ ಯಾವ ಊರಿನವರೆಗೂ ಕಾಣುತ್ತದೆ ಎಂದು ಕೇಳಿದಳು. ಹಾನಗಲ್ಲಿನಲ್ಲೂ ಕಾಣುತ್ತದೆಯೇ ಎಂದೂ ಕೇಳಿದಳು. ಕಾಣಬಹುದು ಎಂದೆ. ಹೆಣ್ಣು ನೋಡಲು ಬರುವವರು ಹಾನಗಲ್ಲಿನವರೆಂದು ನನಗೆ ಆಮೇಲೆ ಗೊತ್ತಾಯಿತು.

“ಮಾಡ್ರಿ. ಕಣ ನಮ್ಮದ ಐತಿ, ಕಾಯಿ ನಮ್ಮವ ಅದಾವು. ಕಾಲಾಗ ಮೆಟ್ಟ ಹಾಕ್ಕೊಂಡು ಮಾತ್ರ ಇಳಿಬ್ಯಾಡ್ರಿ. ನಾ ಏನ್ ಬ್ಯಾಡ ಅನ್ನಂಗಿಲ್ಲವಾ,” ಅಂದಳು ನೀಲಕ್ಕ.

ಸೋಮವಾರ ಮಾರ್ಕೆಟ್ಟಿನಲ್ಲಿ ಟೆಂಡರು, ಕಾಯಿಯ ಹರಾಜು. ರವಿವಾರ ಸಂಜೆಗೆ ಕಾಯಿಯನ್ನೆಲ್ಲ ಚೀಲಕ್ಕೆ ತುಂಬುತ್ತಾರೆ. ಹಗಲು ಕಣ ನಮ್ಮದು. ಎಲ್ಲ ಕೂಡಿಬಂತೆಂದು ನಾನು ಹಿಗ್ಗಿ, ಮರುದಿನ ರೈಲಿನಲ್ಲಿ ಶೈಲಾಳನ್ನು ತಬ್ಬಿಕೊಂಡೆ. ಅವಳು ಮಾತ್ರ, ಅವ್ವ ಇಷ್ಟು ಲಗೂ ಹೂಂ ಅಂದಳೇ ಎಂದು ಎರಡು ಸಲ ಕೇಳಿದಳು.

ಆ ರವಿವಾರ ಬೆಳಗ್ಗೆ ಟೆಂಪೋದಲ್ಲಿ ಡ್ರಮ್ಮು, ಗಿಟಾರು, ಟೇಪು ಹೇರಿಕೊಂಡು ಶೈಲಾಳ ಮನೆಯ ಮುಂದೆ ನಿಲ್ಲಿಸಿದೆವು. ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿಯ ಬುತ್ತಿ ನನ್ನ ತೊಡೆಯ ಮೇಲಿತ್ತು. ಪ್ರವೀಣನ ಜೊತೆ ಅವನ ಸೋದರಮಾವನ ಮಗಳು ಕಾವ್ಯಾ ಇದ್ದಳು. ಹಾವೇರಿಯ ಹುಡುಗಿ, ಶೂಟಿಂಗ್ ಅಂದರೆ ಏನೆಂದು ನೋಡಲು ಬಂದವಳು. ಶೈಲಾ ಕರಿ ಅಂಗಿ ತೊಟ್ಟು, ಕಣ್ಣಿಗೆ ಕಾಡಿಗೆ ತೀಡಿಕೊಂಡು ಒಳಗಿನಿಂದ ಬಂದಳು. ನಾನು ಅವಳನ್ನು ಹಾಗೆ ಎಂದೂ ನೋಡಿರಲಿಲ್ಲ. ಗೇಟಿನಲ್ಲಿ ನಿಂತಿದ್ದ ಇಮ್ತಿಯಾಜ್ ಕೂಡ ಮಾತು ನಿಲ್ಲಿಸಿದ.

ನೀಲಕ್ಕ ಕೈಯಲ್ಲಿ ಕೆಂಡದ ಬಟ್ಟಲು ಹಿಡಿದು ಬಂದಳು. ಇಷ್ಟು ಮಂದಿಯ ಕಣ್ಣು ಬೀಳುತ್ತದೆ, ದೃಷ್ಟಿ ತೆಗೆದು ಕಳಿಸುತ್ತೇನೆ ಎಂದು ಮಗಳನ್ನು ಅಂಗಳದಲ್ಲಿ ನಿಲ್ಲಿಸಿದಳು. ನನಗೆ ಸಂತೋಷವೇ ಆಯಿತು. ಇಷ್ಟವಿಲ್ಲದ ತಾಯಿ ಹೀಗೆ ಮಾಡುತ್ತಾಳೆಯೇ ಅಂದುಕೊಂಡೆ. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಮೆಣಸಿನಕಾಯಿ ಹಿಡಿದು ತಲೆಯಿಂದ ಕಾಲಿನವರೆಗೆ ಇಳಿಸಿ, ಕೆಂಡಕ್ಕೆ ಹಾಕಿದಳು. ಸಾಸಿವೆ ಚಟಪಟ ಅಂದಿತು. ಹೊಗೆ ಎದ್ದಿತು. ನಾವೆಲ್ಲ ಕೆಮ್ಮಲು ಸಿದ್ಧರಾಗಿ ಮೂಗಿನ ಹತ್ತಿರ ಕೈ ಒಯ್ದಿದ್ದೆವು. ಯಾರೂ ಕೆಮ್ಮಲಿಲ್ಲ. ಹೊಗೆ ಹಿತವಾಗಿ, ಒಗ್ಗರಣೆಯ ವಾಸನೆಯ ಹಾಗೆ ಇತ್ತು. ನಾನು ಬಟ್ಟಲಿನೊಳಗೆ ಬಗ್ಗಿ ನೋಡಿದೆ. ಸುಕ್ಕುಗಟ್ಟಿದ ಉದ್ದನೆಯ ಕಾಯಿ, ಬ್ಯಾಡಗಿಯದು.

“ನೋಡವಾ, ಒಂದೀಟೂ ಘಾಟಿಲ್ಲ,” ಅಂದಳು ನೀಲಕ್ಕ. “ಯಾರದೋ ಕೆಟ್ಟ ಕಣ್ಣ ಬಿದ್ದೈತಿ. ಇವತ್ತೊಂದಿನ ಹೊಸ್ತಿಲ ದಾಟಬ್ಯಾಡ.”

ಗೇಟಿನಿಂದ ಇಮ್ತಿಯಾಜ್ ನಗುನಗುತ್ತಲೇ, ನೀಲಕ್ಕಾರ, ಅದು ಬ್ಯಾಡಗಿ ಕಾಯಿ ಇರಬೇಕ್ರಿ ಅಂದ. ಆಕೆ ಸಿಟ್ಟಾಗಲಿಲ್ಲ. ಅಷ್ಟೇ ಮೆತ್ತಗೆ, “ನಮ್ಮ ಮನಿ ದೃಷ್ಟಿ ನಿನಗ ಹೆಂಗ ತಿಳಿಬೇಕಪಾ,” ಅಂದಳು. ಅವನ ನಗು ಅಲ್ಲೇ ನಿಂತಿತು. ಆಮೇಲೆ ಅವನು ಆ ಮನೆಯ ಗೇಟಿನ ಬಳಿಗೆ ಎಂದೂ ಬರಲಿಲ್ಲ. ನಾನು, ಅವಸರದಲ್ಲಿ ಕಾಯಿ ಅದಲುಬದಲಾಗಿರಬೇಕು, ಗುಂಟೂರು ಕಾಯಿ ಹಾಕಿ ಇನ್ನೊಮ್ಮೆ ತೆಗೆಯಿರಿ ಎಂದು ಬೇಡಿಕೊಂಡೆ. ಒಂದೇ ದಿನದಲ್ಲಿ ಎರಡೆರಡು ಸಲ ದೃಷ್ಟಿ ತೆಗೆಯಬಾರದು ಎಂದಳು. ನಾನೇನು ಹಾಡಬೇಡ ಅಂದಿದ್ದೇನೆಯೇ, ನಾಳೆ ಹಾಡಲಿ, ನಾಡಿದ್ದು ಹಾಡಲಿ, ಇವತ್ತು ಮಾತ್ರ ಬೇಡ ಎಂದಳು. ನಾಳೆ ಕಣದಲ್ಲಿ ಕಾಯಿ ಇರುವುದಿಲ್ಲ, ಮಲ್ಲೇಶಣ್ಣನಿಗೆ ಬಿಡುವಿಲ್ಲ, ಮುಂದಿನ ವಾರದಿಂದ ಪರೀಕ್ಷೆಯ ತಯಾರಿ ಎಂಬುದೆಲ್ಲ ಆಕೆಗೆ ನಾನೇ ಹೇಳಿದ್ದೆ, ಮಂಡಕ್ಕಿ ತಿನ್ನುತ್ತ. ಶೈಲಾಳ ತಂದೆ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಪೇಪರು ಕೆಳಗಿಳಿಯಲಿಲ್ಲ.

ಶೈಲಾ ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಊರಿನವರ ಮಾತಿಗೆ ಖಾರವಿಲ್ಲ ಎಂದು ಹಾಡು ಕಟ್ಟಿದವಳು. ಅವಳು ತಂದೆಯ ಕಡೆ ನೋಡಿದಳು, ಬಟ್ಟಲಿನ ಕಡೆ ನೋಡಿದಳು, ಒಳಗೆ ಹೋಗಿ ಚೂಡಿದಾರ ಹಾಕಿಕೊಂಡು ಬಂದು, ಮಡಿಚಿದ ಕರಿ ಅಂಗಿಯನ್ನು ನನ್ನ ಬುತ್ತಿಯ ಮೇಲಿಟ್ಟಳು.

“ನೀವು ಹೋಗ್ರಿ. ಬಿಸಿಲ ಏರಾಕತ್ತೈತಿ.”

ಟೆಂಪೋ ಕಣದ ಕಡೆ ಹೊರಟಿತು. ಅಲ್ಲಿ ಕಾಯುತ್ತಿದ್ದ ಮಲ್ಲೇಶಣ್ಣನಿಗೆ ಹೇಳಿ ಹಿಂತಿರುಗಿ ಹೋಗುತ್ತೇವೆಂದೇ ನಾನು ತಿಳಿದಿದ್ದೆ. ಕಣ ಕಂಡೊಡನೆ ಪ್ರವೀಣ ಇಳಿದ, ಆ ಕೆಂಪನ್ನು ನೋಡಿದ, ಇಷ್ಟೆಲ್ಲ ಮಾಡಿ ಬಿಡಲಾಗುವುದಿಲ್ಲ ಅಂದ. ದನಿ ಹೇಗೂ ಟೇಪಿನಲ್ಲಿದೆ, ಕಾವ್ಯಾ ಬಾಯಿ ಆಡಿಸಿದರೆ ಸಾಕು. ಶೈಲಾ ಇಲ್ಲದೆ ನಾನು ಬಾರಿಸುವುದಿಲ್ಲ ಅಂದ ಇಮ್ತಿಯಾಜ್. ಪ್ರವೀಣ ಅವನನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ಏನೋ ಹೇಳಿದ. ಇಮ್ತಿಯಾಜ್ ಬಂದು ಬಾರಿಸಿದ. ನಾನು ಅಂಗಿ ಕೊಡುವುದಿಲ್ಲ ಎಂದೆ. ಯಾಕ ಮ್ಯಾನೇಜರ್ ಮೇಡಂ, ನೀನೇನು ಹಾಕ್ಕೊಂತೀಯೇನು ಎಂದು ಪ್ರವೀಣ ನಗುತ್ತ ಬುತ್ತಿಯ ಮೇಲಿಂದ ಎತ್ತಿಕೊಂಡು ಹೋದ. ಅಂಗಿ ಕಾವ್ಯಾಳಿಗೆ ಭುಜದಲ್ಲಿ ದೊಡ್ಡದಾಗಿತ್ತು; ಬೆನ್ನಿಗೆ ಪಿನ್ನು ಚುಚ್ಚಿಕೊಂಡರು. ಕಣ ಕಾಯುವ ಮುದುಕಪ್ಪ ಕೋಲು ಹಿಡಿದು ನಿಂತು ಎಲ್ಲರ ಮೆಟ್ಟೂ ಬಿಡಿಸಿದ. ಪ್ರವೀಣನ ಹೊಸ ಬೂಟುಗಳು ಗಿಡದ ಬುಡದಲ್ಲೇ ಉಳಿದವು. ಬಿಸಿಲಿಗೆ ಕಾದ ನೆಲದ ಮೇಲೆ ಎಲ್ಲರೂ ಬರಿಗಾಲಲ್ಲಿ ಕುಣಿದರು. ನಡುವೆ ಹಸಿವೆಯಾದಾಗ ನನ್ನನ್ನು ಕರೆದರು. ಬಡಿಸಿದೆ. ಎಣಗಾಯಿ ಚಲೋ ಆಗೈತಿ ಅಂದರು. ಟೇಪಿನಲ್ಲಿ ಶೈಲಾ ಸಂಜೆಯವರೆಗೂ ಹಾಡಿದಳು, ದನಿ ಅದೇ ಒಂದು ಕಡೆ ಒಡೆಯುತ್ತ. ಮನೆ ಅಲ್ಲಿಂದ ದೂರವೇನಲ್ಲ. ಗಾಳಿ ಆ ಕಡೆಗೇ ಬೀಸುತ್ತಿತ್ತು.

ಗ್ಯಾದರಿಂಗಿನಲ್ಲಿ ಪರದೆಯ ಮೇಲೆ ಹಾಡು ಬಂದಾಗ ಹುಡುಗರು ಸಿಳ್ಳೆ ಹಾಕಿದರು. ಮಲ್ಲೇಶಣ್ಣ ತನ್ನ ಚಾಳಿ ಬಿಟ್ಟಿರಲಿಲ್ಲ; ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಗುಲಾಬಿ ಬಣ್ಣದ ಹೃದಯ ಅರಳಿ ಮುಚ್ಚುತ್ತಿತ್ತು. ಕೊನೆಗೆ ಹೆಸರುಗಳು ಬಂದವು. ಗಾಯನ ಎಂಬಲ್ಲಿ ‘ಘಾಟು ತಂಡ’ ಎಂದಿತ್ತು. ಕೇಳಿದ್ದಕ್ಕೆ ಪ್ರವೀಣ, ಶೈಲಾಳ ಹೆಸರು ಹಾಕಿದರೆ ಅವಳ ಮನೆಯವರಿಗೆ ತೊಂದರೆ, ಅವಳ ಒಳ್ಳೆಯದಕ್ಕೇ ಹಾಗೆ ಮಾಡಿದೆ ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ನಿಜವಾಗಿಯೂ ಕಾಳಜಿ ಇತ್ತು. ನೀಲಕ್ಕನ ಮುಖದಲ್ಲೂ ಆ ದಿನ ಅದೇ ಇತ್ತು. ಆ ಬೇಸಿಗೆಯಲ್ಲಿ ಶೈಲಾಳ ಮೇಲೆ ಕಾಳಜಿ ಇಲ್ಲದವರು ಯಾರೂ ಇರಲಿಲ್ಲ.

ಮೇ ತಿಂಗಳಲ್ಲಿ ಹಾನಗಲ್ಲಿನವರು ಹೆಣ್ಣು ನೋಡಲು ಬಂದರು. ಸೀರೆ ಉಡಿಸಲು ನನ್ನನ್ನು ಕರೆಸಿದ್ದರು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗಿನ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಮೂಲೆಯಲ್ಲಿ ಟಿವಿ ತನ್ನ ಪಾಡಿಗೆ ನಡೆದಿತ್ತು. ಕೇಬಲ್ಲಿನವನು ಆ ಹೊತ್ತಿಗೇ ನಮ್ಮ ಹಾಡು ಹಾಕಿದ. ಕೆಂಪು ಕಣದ ನಡುವೆ ಕಾವ್ಯಾ ಬಾಯಿ ತೆರೆದಳು, ಶೈಲಾಳ ದನಿ ಹೊರಟಿತು. ತಟ್ಟೆ ಹಿಡಿದು ನಿಂತ ಶೈಲಾ ಅಲುಗಾಡಲಿಲ್ಲ. ಹುಡುಗನ ಚಿಕ್ಕವ್ವ ತಿನ್ನುವುದನ್ನು ನಿಲ್ಲಿಸಿ ಟಿವಿಯ ಕಡೆ ತಿರುಗಿ, ಯಾರ ಮನೆಯ ಹುಡುಗಿಯೋ, ಎಷ್ಟು ಗಟ್ಟಿಯಾಗಿ ಹಾಡುತ್ತಾಳೆ ಎಂದು ಮೆಚ್ಚಿಕೊಂಡರು. ನಮ್ಮ ಹುಡುಗನಿಗೆ ಹಾಡು ಅಂದರೆ ಬಹಳ ಇಷ್ಟ ಎಂದು ಹೇಳಿ ಶೈಲಾಳನ್ನು ನೋಡಿದರು.

“ನಿನಗ ಹಾಡಾಕ ಬರ್ತೈತೇನವಾ?”

ಶೈಲಾ ಬಾಯಿ ತೆರೆಯುವ ಮೊದಲೇ ನೀಲಕ್ಕ ಚಹಾದ ಕಪ್ಪು ಮುಂದೆ ಹಿಡಿದಳು.

“ಇಲ್ಲರಿ. ನಮ್ಮ ಶೈಲಾಗ ಹಾಡಾಕ ಬರಂಗಿಲ್ಲ.”

ಟಿವಿಯಲ್ಲಿ ಕೊನೆಯ ಸಾಲು, ಗುಡಿಯ ಗಂಟೆಯ ಹಾಗೆ, ಎಷ್ಟೋ ಹೊತ್ತು ಅನುರಣಿಸಿತು. ಆ ನೆಂಟಸ್ತನ ಕೂಡಿತು. ಶೈಲಾ ಹಾನಗಲ್ಲಿಗೆ ಹೋದಳು. ಗಂಡ ಒಳ್ಳೆಯವನು, ಈಗಲೂ ಮನೆಯಲ್ಲಿ ಹಾಡು ಹಾಕಿಕೊಂಡು ಕೇಳುತ್ತಾನಂತೆ. ಅವಳು ಜೋಗುಳವನ್ನೂ ಹಾಡಲಿಲ್ಲ. ತೊಟ್ಟಿಲನ್ನು ಸುಮ್ಮನೆ ತೂಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಎದುರಾದಾಗಲೆಲ್ಲ ನಾನು ಅವಳನ್ನು ಸಮಾಧಾನ ಮಾಡುತ್ತಿದ್ದೆ: ಪಾಪ, ನಿಮ್ಮವ್ವ ಗಡಿಬಿಡಿಯಲ್ಲಿ ಬೇರೆ ಕಾಯಿ ಹಾಕಿಬಿಟ್ಟಳು, ತಪ್ಪಾಯಿತು ಅಷ್ಟೇ. ಅವಳು ಬೇರೆ ಮಾತು ತೆಗೆಯುತ್ತಿದ್ದಳು.

ಈ ಫೆಬ್ರುವರಿಯಲ್ಲಿ ಒಳಗೆ ದೃಷ್ಟಿ ತೆಗೆಸಿಕೊಳ್ಳುತ್ತಿದ್ದವಳು ಶೈಲಾಳ ಮಗಳು ಸಿಂಚನಾ. ಹಾವೇರಿಯಲ್ಲಿ ಜಿಲ್ಲಾ ಮಟ್ಟದ ಹಾಡಿನ ಸ್ಪರ್ಧೆಯಂತೆ. ಅಲ್ಲಿಗೆ ಹೋಗುವ ಮೊದಲು ಅಜ್ಜಿಗೆ ಮುಖ ತೋರಿಸಲು ತಾಯಿ ಮಗಳು ಸುತ್ತು ಹಾಕಿ ಬಂದಿದ್ದರು. ನೀಲಕ್ಕ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಮುಖ ತುಂಬ ಗೆಲುವಾಗಿ ಹೊರಗೆ ಬಂದಳು. ಏನೂ ಆಗಿಲ್ಲ ನನ್ನ ಕೂಸಿಗೆ, ಹೋಗಿ ಹಾಡಿ ಬಾ ಎಂದು ಮೊಮ್ಮಗಳ ಗಲ್ಲ ಹಿಡಿದು ಲಟಿಕೆ ಮುರಿದಳು. ಹುಡುಗಿ ಓಡಿ ಬರುವ ಭರದಲ್ಲಿ, ನನಗೆಂದು ಬೇರೆ ಬೇರೆ ಇಟ್ಟಿದ್ದ ಎರಡು ಮೊರಗಳನ್ನು ಎಡವಿದಳು. ಬ್ಯಾಡಗಿ, ಗುಂಟೂರು ಎರಡೂ ಕಲೆತು ನೆಲಕ್ಕೆ ಚೆಲ್ಲಿದವು.

ಶೈಲಾ ಬಾಗಿಲಿಗೆ ಬಂದು ನಿಂತಿದ್ದಳು. ಘಾಟಿಗೆ ಅವಳ ಕಣ್ಣೂ ಕೆಂಪಾಗಿತ್ತು. ನನ್ನನ್ನು ನೋಡಿದಳು. ತಾಯಿಯ ಕಡೆ ತಿರುಗಿದಳು.

“ಅವತ್ತ ನನಗ ಯಾವ ಕಾಯಿ ಹಾಕಿದ್ದೆಬೇ ಯವ್ವಾ?”

ನೀಲಕ್ಕ ಚೆಲ್ಲಿದ ಕಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಯಾವತ್ತು ಎಂದು ಕೇಳಲಿಲ್ಲ.

“ಮನ್ಯಾಗ ಇದ್ದದ್ದು ಹಾಕಿದ್ನಿ.”

“ಮನ್ಯಾಗ ಎರಡೂ ಇದ್ದವು,” ಅಂದಳು ಶೈಲಾ. ಮಗಳ ಕೈ ಹಿಡಿದು ಬಸ್ಸಿಗೆ ಹೊರಟಳು.

ನೀಲಕ್ಕನಿಗೆ ಈಗ ಕಣ್ಣು ಮಂಜು. ಆಕೆ ತಲೆ ಎತ್ತಲಿಲ್ಲ, ಕಾಯಿಯನ್ನು ನೋಡಲೂ ಇಲ್ಲ. ಬರೀ ಬೆರಳಿನಿಂದ ಮುಟ್ಟಿ, ಸುಕ್ಕಿನದನ್ನು ಒಂದು ಮೊರಕ್ಕೆ, ನುಣುಪಿನದನ್ನು ಇನ್ನೊಂದು ಮೊರಕ್ಕೆ ಹಾಕತೊಡಗಿದಳು. ನಾನು ಎದುರಿಗೆ ಕೂತು ಕೊನೆಯವರೆಗೂ ನೋಡಿದೆ. ಒಂದೂ ತಪ್ಪಲಿಲ್ಲ.